ಎರಡನೇ ಹಡಗಿನ ಕಾಗದ

“ಬರಿಗೈಯಲ್ಲಿ ಮುಟ್ಟಬೇಡಿ ಮೇಡಂ. ಇನ್ನೂರು ವರ್ಷ ಬಾಳಿದ ಕಾಗದ, ಬೆವರು ತಾಗಿದರೆ ಹೋಯಿತು,” ಎಂದ ರಮಾಕಾಂತ.

ದಮಯಂತಿ ಮುಟ್ಟಲಿಲ್ಲ. ಕಾಗದವನ್ನು ಇಟ್ಟಿದ್ದ ಪ್ಲಾಸ್ಟಿಕ್ ಹಾಳೆಯ ಅಂಚನ್ನು ಎರಡು ಬೆರಳಲ್ಲಿ ಹಿಡಿದೆತ್ತಿ ಅಂಗಡಿಯ ಟ್ಯೂಬ್‌ಲೈಟಿಗೆ ಎದುರು ಮಾಡಿದಳು. ಬಲ ಅಂಚಿನ ನಡುಮಧ್ಯೆ ಹೆಬ್ಬೆರಳಿನ ಗಾತ್ರದ ತೂತೊಂದಿತ್ತು. ಅಲ್ಲಿಂದ ಒಂದು ಸೀಳು ಬಾಲದ ಹಾಗೆ ಒಳಕ್ಕೆ ಓಡಿತ್ತು. ಅವಳ ಕಣ್ಣು ಅಲ್ಲೇ ನಿಂತಿತು.

ಇಷ್ಟು ವರ್ಷ ಸಂಸಾರ ಮಾಡಿದವನು ನಾನು. ಅವಳ ಕಣ್ಣು ಹೀಗೆ ಒಂದು ಕಡೆ ನಿಂತಿತೆಂದರೆ ಯಾರಿಗೋ ಗ್ರಹಚಾರ ಕಾದಿದೆ ಎಂದೇ ಅರ್ಥ. ಹಲವು ಸಲ ಆ ಗ್ರಹಚಾರ ನನ್ನದೇ ಆಗಿರುತ್ತಿತ್ತು. ಇವತ್ತು ಸದ್ಯ ಅಲ್ಲ.

ಹೊಸಬರಿಗೆ ಹೇಳುತ್ತೇನೆ. ನಾನು ಶೇಖರ ಬಂಗೇರ. ಮುಂಬೈ ಪಕ್ಕದ ಡೊಂಬಿವಲಿಯಲ್ಲಿ ಹೋಟೆಲ್ ನಡೆಸುತ್ತಿದ್ದವನು ಅದನ್ನು ತಮ್ಮನ ಕೈಗೆ ಕೊಟ್ಟು, ಈಗ ಹೆಂಡತಿಯ ಪತ್ತೇದಾರಿ ಕಚೇರಿಯಲ್ಲಿ ಗುಮಾಸ್ತ, ಡ್ರೈವರ್, ಚಹಾ ಮಾಡುವವ ಎಲ್ಲವೂ ಆಗಿದ್ದೇನೆ. ಕನ್ನಡ ಸಂಘದ ಸಭೆಗಳಲ್ಲಿ ನನ್ನನ್ನು ‘ಪತ್ತೇದಾರಿಣಿಯ ಗಂಡ’ ಎಂದು ಕರೆಯುತ್ತಾರೆ. ಕರೆಯುವವರು ತಮಾಷೆಗೆ ಕರೆಯುತ್ತಾರೆ, ನನಗೆ ಅದು ಬಿರುದು.

ನಮ್ಮ ಕೈಯಲ್ಲಿದ್ದದ್ದು ಅಂಬರನಾಥದ ದಾನೇಶ್ವರಿಯ ಕೇಸು: ಮಹಾಪೆಯ ಕಂಪನಿಯೊಂದು ಅವಳನ್ನು ‘ಸುಳ್ಳು ಪತ್ರ ಸೇರಿಸಿದವಳು’ ಎಂದು ಕೆಲಸ ಬಿಡಿಸಿ ಮನೆಗೆ ಕಳಿಸಿತ್ತು, ಸೋಮವಾರ ಪೊಲೀಸರಿಗೆ ದೂರು ಹೋಗುವುದಿತ್ತು.

ಆ ಕಂಪನಿಯ ಕೆಲಸವೇ ವಿಚಿತ್ರದ್ದು. ಅಮೆರಿಕ ಎಂಬ ದೇಶ ಕಟ್ಟಿದ ಮೊದಲ ತಲೆಮಾರಿನವರು, ವಾಷಿಂಗ್ಟನ್, ಆಡಮ್ಸ್, ಜೆಫರ್ಸನ್ ಮೊದಲಾದವರು, ಒಬ್ಬರಿಗೊಬ್ಬರು ಬರೆದ ಪತ್ರಗಳ ಚಿತ್ರಗಳು ಅಲ್ಲಿನ ಒಂದು ಲೈಬ್ರರಿಯಿಂದ ಡಿಸ್ಕಿನಲ್ಲಿ ಬರುತ್ತವೆ. ಸರ್ಕಾರಿ ಪತ್ರವೂ ಉಂಟು, ಹೆಂಡತಿಗೆ ಬರೆದ ಪತ್ರವೂ ಉಂಟು. ಆ ಹಳೆಯ ಕೈಬರಹವನ್ನು ಓದಿ ಓದಿ ಕಂಪ್ಯೂಟರಿಗೆ ಟೈಪು ಮಾಡುವವರು ನಮ್ಮ ಕಲ್ಯಾಣ, ಅಂಬರನಾಥ, ವಾಗ್ಳೆ ಎಸ್ಟೇಟಿನ ಹುಡುಗಿಯರು. ಹೀಗೆ ಟೈಪಾದ ರಾಶಿಯಲ್ಲಿ, ದಾನೇಶ್ವರಿಯ ಹೆಸರಿನಡಿ, ಲೈಬ್ರರಿಯ ಬಳಿ ಇಲ್ಲವೇ ಇಲ್ಲದ ಒಂದು ಪತ್ರ ಸಿಕ್ಕಿತ್ತು.

ಅದರ ಜೋಡಿ ಪ್ರತಿ ಈಗ ಠಾಣೆ ಊರಿನ ನೌಪಾಡಾದಲ್ಲಿ, ಹಳೆಯ ನಾಣ್ಯ, ಅಂಚೆಚೀಟಿ, ನಕಾಶೆ ಮಾರುವ ಈ ರಮಾಕಾಂತನ ಅಂಗಡಿಯಲ್ಲಿ ಮಾರಾಟಕ್ಕಿತ್ತು. ಪತ್ತೆ ಹಚ್ಚಿದ್ದು ನಾನೇ. ಅಂದರೆ, ಅವನು ನಮ್ಮ ಡೊಂಬಿವಲಿ ಕನ್ನಡ ಸಂಘಕ್ಕೆ ಕಳಿಸಿದ ಸುತ್ತೋಲೆಯನ್ನು ನಾನು ಕಮಿಟಿ ಸಭೆಯಿಂದ ಮನೆಗೆ ತಂದಿದ್ದೆ. ಇಂದು ನಾವು ಸಂಘದ ಪರವಾಗಿ ಕೊಳ್ಳಲು ಬಂದವರು.

“ಸಾವಿರದ ಏಳುನೂರ ಎಂಬತ್ತೆಂಟನೇ ಇಸವಿ,” ಎಂದ ರಮಾಕಾಂತ. ಕಾರವಾರದ ಕಡೆಯವನು, ಮಾತಿಗೆ ಕೂತರೆ ತೂಗುಮಂಚದಲ್ಲಿ ಕೂತ ಹಾಗೆ ಹಾಯಾಗಿ ಮಾತಾಡುತ್ತಾನೆ. ಆ ವರ್ಷ ಮೈಸೂರಿನ ದೂತರು ಪ್ಯಾರಿಸ್‌ಗೆ ಹೋದದ್ದು ಚರಿತ್ರೆ. ಆಗ ಅಲ್ಲಿ ಅಮೆರಿಕದ ರಾಯಭಾರಿಯಾಗಿದ್ದವನು ಜೆಫರ್ಸನ್ ಎಂಬುದೂ ಚರಿತ್ರೆ. ರಮಾಕಾಂತನ ಕಾಗದದಲ್ಲಿ ಆ ಜೆಫರ್ಸನ್ ನ್ಯೂಯಾರ್ಕಿನಲ್ಲಿದ್ದ ವಿದೇಶಾಂಗ ಮಂತ್ರಿ ಜಾನ್ ಜೇಗೆ ಮೈಸೂರಿನವರ ಠೀವಿಯನ್ನೂ ಅವರ ಮದ್ದು ತುಂಬಿದ ಯುದ್ಧಬಾಣಗಳನ್ನೂ ಹೊಗಳಿ, ನಾವು ಇವರಿಂದ ಕಲಿಯುವುದಿದೆ ಎಂದು ಬರೆದಿದ್ದ.

ಸಂಘದ ಸಭೆಯಲ್ಲಿ ಆ ಸಾಲನ್ನು ಓದಿದಾಗ ನನಗೆ ಮೈ ಜುಮ್ಮೆಂದದ್ದು ಸುಳ್ಳಲ್ಲ. ನಮ್ಮವರೆಲ್ಲ ಕುರ್ಚಿಯಲ್ಲೇ ಎರಡಂಗುಲ ಎತ್ತರವಾಗಿದ್ದರು. ಭಾರತದಲ್ಲಿ ಕನ್ನಡಿಗನನ್ನು ಗುರುತಿಸಬೇಕಾದರೆ ಇಡ್ಲಿ ಸಾಂಬಾರ್ ಬೇಕು. ಜೆಫರ್ಸನ್ನನಿಗೆ ಅದೂ ಬೇಕಾಗಲಿಲ್ಲವಲ್ಲ ಎಂದು ಯಾರೋ ಹೇಳಿ ಚಪ್ಪಾಳೆ ಗಿಟ್ಟಿಸಿಕೊಂಡರು.

ಅಮೆರಿಕಕ್ಕೆ ಬರೆದ ಕಾಗದ ಮುಂಬೈಗೆ ಬಂದದ್ದು ಹೇಗೆ ಎಂದು ದಮಯಂತಿ ವಿಚಾರಿಸಿದಳು. ಅದಕ್ಕೂ ಅವನಲ್ಲಿ ಕತೆಯಿತ್ತು. ಆ ಕಾಲದಲ್ಲಿ ಹಡಗು ಮುಳುಗುವುದು, ಶತ್ರುಗಳು ಹಿಡಿಯುವುದು ಮಾಮೂಲು. ಅದಕ್ಕೇ ರಾಯಭಾರಿಗಳು ಒಂದೇ ಪತ್ರವನ್ನು ಎರಡು ಮೂರು ಪ್ರತಿ ಬರೆದು ಬೇರೆ ಬೇರೆ ಹಡಗಿಗೆ ಹಾಕುತ್ತಿದ್ದರು. ಇದು ಎರಡನೇ ಹಡಗಿನ ಪ್ರತಿ. ಮೊದಲನೆಯದು ಊರು ಮುಟ್ಟಿದ್ದರಿಂದ ಇದನ್ನು ಯಾರೂ ಕೇಳಲಿಲ್ಲ. ಕಪ್ತಾನನ ಪೆಟ್ಟಿಗೆಯಲ್ಲಿ ಉಳಿದು, ವ್ಯಾಪಾರದ ಹಡಗಿನಲ್ಲಿ ತಿರುಗಿ, ಮುಂಬೈ ಕೋಟೆಯ ಒಂದು ಹಳೆ ವರ್ತಕರ ಮನೆ ಸೇರಿತು.

“ನಿಜವಾದದ್ದು ಅಂತ ನಂಬುವುದು ಹೇಗೆ?”

“ಮೊದಲ ಪ್ರತಿ ಅಮೆರಿಕದ ಲೈಬ್ರರಿಯಲ್ಲೇ ಇದೆಯಲ್ಲ ಮೇಡಂ.” ಅವನು ಒಂದು ಪ್ರಿಂಟೌಟ್ ಮುಂದಿಟ್ಟ. ಮಹಾಪೆಯಲ್ಲಿ ಟೈಪಾಗಿ ವೆಬ್‌ಸೈಟ್ ಏರಿದ ಪುಟದ ಪ್ರಿಂಟು. “ಸದ್ಯ ಸೈಟ್ ರಿಪೇರಿಯಲ್ಲಿದೆ. ಅಕ್ಷರ ಅಕ್ಷರ ತಾಳೆ ನೋಡಿ.”

ಆಗ ನನಗೆ ಹೊಳೆಯಿತು. ಬರೀ ಒಂದು ಕಾಗದವನ್ನು ಅಂಗಡಿಯಲ್ಲಿಟ್ಟರೆ ಯಾರೂ ನಂಬುವುದಿಲ್ಲ. ಅದರ ಅಣ್ಣ ಲೈಬ್ರರಿಯಲ್ಲಿ ಕೂತಿದ್ದಾನೆ ಎಂದರೆ ಯಾರೂ ಕೇಳುವುದೇ ಇಲ್ಲ. ಮಹಾಪೆಯಲ್ಲಿ ಆ ಪುಟ ಸೇರಿದ್ದು ಈ ಅಂಗಡಿಯ ಸಲುವಾಗಿಯೇ.

ಫೋಟೋ ತೆಗೆಯಲು ಅವನು ಬಿಡಲಿಲ್ಲ. ದಮಯಂತಿಯೂ ಒತ್ತಾಯಿಸಲಿಲ್ಲ. ಶನಿವಾರ ಮಧ್ಯಾಹ್ನ ಮಹಾಪೆಗೆ ಕಾಗದ ತನ್ನಿ, ಕಂಪನಿಯವರ ಎದುರಲ್ಲೇ ತಾಳೆ ನೋಡಿ ಸಂಘ ತೀರ್ಮಾನ ಮಾಡುತ್ತದೆ ಎಂದಳು. ಅವನು ಒಂದು ಗಳಿಗೆ ಯೋಚಿಸಿ ಒಪ್ಪಿದ. ಧೈರ್ಯವೋ, ದುರಾಸೆಯೋ, ನನಗೆ ತಿಳಿಯಲಿಲ್ಲ.

*

ಮರುದಿನ ಬೆಳಿಗ್ಗೆ ಅಂಬರನಾಥದ ಗಾಡಿ ಹತ್ತಿದೆವು. ದಾರಿಯುದ್ದಕ್ಕೂ ದಮಯಂತಿ ಒಂದೇ ಎಚ್ಚರಿಕೆ ಕೊಟ್ಟಳು: ಕಾಗದದಲ್ಲಿ ಏನಿತ್ತು, ಯಾರ ಹೆಸರಿತ್ತು ಎಂದು ಹುಡುಗಿಯ ಮುಂದೆ ಬಾಯಿ ಬಿಡಬಾರದು. ಮೊದಲು ಕೇಳುವುದು, ಆಮೇಲೆ ಹೇಳುವುದು ಅವಳ ಪದ್ಧತಿ. ಆ ಪದ್ಧತಿಯ ಬಗ್ಗೆ ಅವಳಿಗೆ ಹೆಮ್ಮೆ ಬಹಳ. ಅದೇ ಹೆಮ್ಮೆ ನಮ್ಮನ್ನು ಎಲ್ಲಿಗೆ ತಂದು ನಿಲ್ಲಿಸಿತು ಎಂದು ಮುಂದೆ ಓದುತ್ತೀರಿ.

ದಾನೇಶ್ವರಿಯ ಮನೆ ಕಾರ್ಖಾನೆಗಳ ಹಿಂದಿನ ಚಾಳಿನಲ್ಲಿ. ಒಂದೇ ಕೋಣೆ, ಗೋಡೆಗೆ ಹೊಸ ಸುಣ್ಣ. ತಾಯಿ ಶರಣಬಸಮ್ಮ ಬಾಗಿಲಲ್ಲೇ ನಮ್ಮನ್ನು ನಿಲ್ಲಿಸಿ ಕಾಲಿಗೆ ನೀರು ಕೊಟ್ಟಳು. ಕಲಬುರಗಿಯ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದ ಹೆಂಗಸು.

“ಮಹಾಪೆದಾಗ ಆ ಕಾಜಿನ ಬಿಲ್ಡಿಂಗ್ ಅದಲ್ರೀ ಅಕ್ಕಾರ, ಅದರ ಸಿಮೆಂಟ್ ನಾ ಹೊತ್ತೀನಿ,” ಎಂದಳು. “ಅದ ಬಿಲ್ಡಿಂಗಿನ್ಯಾಗ ನನ ಮಗಳು ಎ.ಸಿ. ಒಳಗ ಕುಂತು ಇಂಗ್ಲೀಷ ಬಡೀತಿದ್ಲು. ಅಲ್ಲಿಂದ ಕಳ್ಳಿ ಅಂತ ಹೊರಗ ಹಾಕ್ಯಾರ. ರೊಕ್ಕ ಹೋಗ್ಲಿ, ನೌಕ್ರಿ ಹೋಗ್ಲಿ. ಕಳ್ಳಿ ಅನ್ನೂದ ಹೋಗಬೇಕ್ರಿ.”

ಅಷ್ಟೇ ಅವಳು ಕೇಳಿದ್ದು. ದಮಯಂತಿ ಅವಳ ಕೈ ಹಿಡಿದು ಪಕ್ಕದಲ್ಲಿ ಕೂತಳು.

ದಾನೇಶ್ವರಿ ಕಲ್ಯಾಣದ ಕಾಲೇಜಿನಲ್ಲಿ ಇಂಗ್ಲಿಷ್ ಬಿ.ಎ. ಮಾಡಿದವಳು. ಸಣ್ಣ ಮೈ, ಗಟ್ಟಿ ನೋಟ. ತನ್ನ ಮೇಲಿನ ಆರೋಪದ ಬಗ್ಗೆ ಕೇಳಿದರೆ ಒಂದು ಮಾತಿಗೆ ಮುಗಿಸಿದಳು: ಯಾವ ಪತ್ರ ಎಂದು ಯಾರೂ ತೋರಿಸಿಲ್ಲ, ಐಡಿ ಕಾರ್ಡು ಕಸಿದುಕೊಂಡು ಗೇಟಿನ ಹೊರಗೆ ಬಿಟ್ಟರು. ಕೆಲಸದ ಬಗ್ಗೆ ಕೇಳಿದ ಕೂಡಲೇ ಮಾತ್ರ ಅವಳ ಬಾಯಿ ಬಿಚ್ಚಿತು.

ಅಲ್ಲಿ ಒಂದೇ ನಿಯಮವಂತೆ: ಕಂಡದ್ದನ್ನೇ ಕುಟ್ಟು. ಬರೆದವನು ದೊಡ್ಡ ಮನುಷ್ಯ, ನೀನು ತಿದ್ದುವವಳಲ್ಲ. ಒಂದು ಶಬ್ದ ಸೇರಿಸಬಾರದು, ಒಂದು ಶಬ್ದ ಕಳೆಯಬಾರದು. ಒಂದೇ ಪುಟವನ್ನು ಇಬ್ಬರು ಬೇರೆ ಬೇರೆ ಕೋಣೆಯಲ್ಲಿ ಕುಟ್ಟುತ್ತಾರೆ, ಎರಡನ್ನೂ ಮೆಷಿನ್ನು ತಾಳೆ ನೋಡುತ್ತದೆ. ಜೆಫರ್ಸನ್ನನ ಬರಹ ಸಣ್ಣದು, ನೇರ. ಆಡಮ್ಸನದು ಮುದುಕನಾದ ಮೇಲೆ ನಡುಗುತ್ತದೆ. ಇಬ್ಬರೂ ರಾಜಕೀಯಕ್ಕೆ ಜಗಳಾಡಿ ವರ್ಷಗಟ್ಟಲೆ ಮಾತು ಬಿಟ್ಟಿದ್ದರು, ವಯಸ್ಸಾದ ಮೇಲೆ ಮತ್ತೆ ಕಾಗದ ಶುರು ಮಾಡಿದರು, ಕೊನೆಗೆ ಒಂದೇ ದಿನ ಸತ್ತರು. ಇದನ್ನು ಹೇಳುವಾಗ ಆ ಹುಡುಗಿ ತನ್ನ ಸೋದರಮಾವಂದಿರ ಸುದ್ದಿ ಹೇಳುವ ಹಾಗೆ ಹೇಳಿದಳು. ಆಡಮ್ಸನ ಹೆಂಡತಿ ಅಬಿಗೇಲ್ ಗಂಡನಿಗೆ ಬರೆದ ಕಾಗದಗಳೆಂದರೆ ಶರಣಬಸಮ್ಮನಿಗೂ ಪ್ರಾಣವಂತೆ. ಮಗಳು ಮನೆಗೆ ಬಂದರೆ ಇವತ್ತು ಆ ಗೌಡ್ತಿ ಏನು ಬರೆದಳು ಎಂದು ಕೇಳಿದ ಮೇಲೆಯೇ ರೊಟ್ಟಿ ತಟ್ಟುತ್ತಿದ್ದಳು.

“ಹರಿದ ಕಾಗದ ಬಂದರೆ ಎಂತ ಮಾಡ್ತೀರಿ?” ಎಂದು ದಮಯಂತಿ ಕೇಳಿದಳು.

“ಆಗ ಲಕೋಟಿ ಇರ್ತಿದ್ದಿಲ್ರಿ. ಬರ್ದ ಹಾಳಿನ ಮಡಚಿ, ಅರಗು ಹಚ್ಚಿ ಅಂಟಸ್ತಿದ್ರು. ತಗೊಂಡವ್ರು ಬಿಚ್ಚೂ ಮುಂದ ಅರಗಿದ್ದಲ್ಲಿ ಹಾಳಿ ಹರೀತದ. ಹರದಲ್ಲಿ ಶಬ್ದ ಹೋಗಿರ್ತಾವ. ಅಲ್ಲಿ ‘ಹರಿದಿದೆ’ ಅಂತ ಗುರ್ತು ಹಾಕ್ತೀವಿ. ದಿನಾ ಹಾಕ್ತೀವ್ರಿ.”

ನನಗೆ ನನ್ನ ಹೋಟೆಲು ನೆನಪಾಯಿತು. ಆ ಕಾಲದಲ್ಲಿ ಕುಂದಾಪುರ, ಕಾರ್ಕಳದಿಂದ ನಮ್ಮ ಕೆಲಸಗಾರರಿಗೆಲ್ಲ ನೀಲಿ ಇನ್‌ಲ್ಯಾಂಡ್ ಲೆಟರ್ ಬರುತ್ತಿತ್ತು. ಓದಿ ಹೇಳುವವನು ನಾನು. ಊರಿನ ಅಮ್ಮಂದಿರು ಒಂದು ಇಂಚು ಜಾಗ ಹಾಳು ಮಾಡುವವರಲ್ಲ. ಮಡಿಕೆ, ಅಂಚು, ಅಂಟು ಹಚ್ಚುವ ನಾಲಿಗೆಯ ಮೇಲೂ ಬರೆಯುತ್ತಿದ್ದರು. ಬಿಡಿಸುವಾಗ ಅಂಟಿನ ಜಾಗ ಹರಿದು, ಸರಿಯಾಗಿ ಬೇಕಾದ ಮಾತೇ ಹೋಗುತ್ತಿತ್ತು. ‘ಆಕಳು’ ಎಂದಿರುತ್ತಿತ್ತು; ಕರು ಹಾಕಿತೋ ಸತ್ತಿತೋ ಗೊತ್ತಾಗುತ್ತಿರಲಿಲ್ಲ. ಇದನ್ನು ಹೇಳಿ ನಾನು ನಕ್ಕೆ. ತಾಯಿ ಮಗಳೂ ನಕ್ಕರು. ದಮಯಂತಿ ಮಾತ್ರ ನಗಲಿಲ್ಲ. ಟ್ಯೂಬ್‌ಲೈಟಿನ ಎದುರು ನಿಂತಿದ್ದ ಅದೇ ನೋಟ ಅವಳ ಮುಖದಲ್ಲಿ ಮತ್ತೆ ಬಂದಿತ್ತು.

ಹೊರಡುವಾಗ ಗೋಡೆಯ ಮೇಲೊಂದು ಫೋಟೋ ಕಂಡಿತು. ದಾನೇಶ್ವರಿ ಕೈಯಲ್ಲಿ ಸರ್ಟಿಫಿಕೇಟ್ ಹಿಡಿದು ನಿಂತಿದ್ದಾಳೆ, ಪಕ್ಕದಲ್ಲಿ ಎತ್ತರದ ಬಿಳಿಯ ಮನುಷ್ಯ. ಅವರು ಲೈಬ್ರರಿಯ ವಿಟ್ಲಾಕ್ ಸಾಹೇಬರು ಎಂದು ಶರಣಬಸಮ್ಮ ಸೆರಗಿನಿಂದ ಗಾಜು ಒರೆಸುತ್ತ ಹೇಳಿದಳು. ಚಳಿಗಾಲದಲ್ಲಿ ಕಂಪನಿ ನೋಡಲು ಬಂದಿದ್ದರು, ಮಗಳ ಕೆಲಸಕ್ಕೆ ಎಲ್ಲರ ಎದುರು ಚಪ್ಪಾಳೆ ತಟ್ಟಿದ್ದರು. ಈಗ ಸುಳ್ಳು ಪತ್ರ ಎಂದು ಬರೆದು ತಿಳಿಸಿದವರೂ ಅವರೇ. ಸೋಮವಾರ ದೂರಿಗೆ ಸಹಿ ಹಾಕಲು ಬರುವವರೂ ಅವರೇ. ಆದರೂ ಆ ತಾಯಿ ಫೋಟೋ ಇಳಿಸಿರಲಿಲ್ಲ.

ಸ್ಟೇಷನ್ನಿಗೆ ಬರುವ ದಾರಿಯಲ್ಲಿ ದಮಯಂತಿ ಪೋಸ್ಟಾಫೀಸಿಗೆ ನುಗ್ಗಿ ಒಂದು ಇನ್‌ಲ್ಯಾಂಡ್ ಲೆಟರ್ ಕೊಂಡಳು. ಯಾರಿಗೆ ಎಂದು ಕೇಳಿದೆ. ನಿಮಗೇ, ಅಂಚಿನಿಂದ ಅಂಚಿಗೆ ತುಂಬ ಬರೆದು ಅಂಟಿಸಿ ಕೊಡಿ ಎಂದಳು. ಅವಳಿಗೆ ಕಾಗದ ಬರೆಯುವ ಅವಕಾಶ ಮದುವೆಯಾದ ಮೇಲೆ ಸಿಕ್ಕಿರಲಿಲ್ಲ. ನಾನು ಮನಸ್ಸಿಟ್ಟು ಬರೆದೆ.

*

ಶನಿವಾರ ಮಧ್ಯಾಹ್ನ. ಮಹಾಪೆಯ ಗಾಜಿನ ಕಟ್ಟಡದ ಮೀಟಿಂಗ್ ಕೋಣೆ.

ಒಂದು ಕಡೆ ಮ್ಯಾನೇಜರ್ ಯತಿನ್. ನಮ್ಮೂರ ಕಡೆಯವರ ಮಗನೇ, ಆದರೆ ಹುಟ್ಟಿ ಬೆಳೆದದ್ದು ಠಾಣೆ ಊರಿನಲ್ಲಿ. ಕನ್ನಡ ಕಿವಿಗೆ ಹೋಗುತ್ತದೆ, ಬಾಯಿಂದ ಹಿಂದಿಯಾಗಿ ಬರುತ್ತದೆ. ಅವನು ನಮ್ಮನ್ನು ಒಳಗೆ ಬಿಟ್ಟದ್ದು ಒಂದೇ ಆಸೆಗೆ, ಹುಡುಗಿಯ ವಿರುದ್ಧ ಇನ್ನೊಂದು ಸಾಕ್ಷಿ ಸಿಗುತ್ತದೆ ಎಂದು. ಇನ್ನೊಂದು ಕಡೆ ರಮಾಕಾಂತ, ಎದುರಲ್ಲಿ ಕಾಗದದ ಚೀಲ. ಮೂಲೆಯ ಕುರ್ಚಿಯಲ್ಲಿ ದಾನೇಶ್ವರಿ. ಅವಳನ್ನು ನಮ್ಮ ಜೊತೆ ಕಂಡು ಯತಿನ್ ಮುಖ ಸಿಂಡರಿಸಿದ್ದ.

ದಮಯಂತಿ ತನ್ನ ಚೀಲದಿಂದ ನಾನು ಬರೆದ ಇನ್‌ಲ್ಯಾಂಡ್ ತೆಗೆದು ಯತಿನ್ ಕೈಗೆ ಕೊಟ್ಟಳು.

“ಬಿಡಿಸು ಮಗಾ.”

“ಯೇ ಕ್ಯಾ ಹೈ, ಆಂಟಿ?”

“ನಿನ್ನ ಅಜ್ಜಿ ನಿನ್ನಪ್ಪನಿಗೆ ಬರೀತಿದ್ದ ಕಾಗದ. ಬಿಡಿಸು.”

ಅವನು ಎಳೆದ. ಅಂಟಿನ ಜಾಗದಲ್ಲಿ ಕಾಗದ ಬಾಯಿ ಬಿಟ್ಟಿತು. ದಮಯಂತಿ ಹರಿದ ಜಾಗ ಎಲ್ಲರಿಗೂ ತೋರಿಸಿದಳು. ‘ನನ್ನ ಪ್ರೀತಿಯ ದಮ’ ಎಂಬಲ್ಲಿಗೆ ಸಾಲು ತುಂಡಾಗಿತ್ತು, ಉಳಿದದ್ದು ಮಡಿಕೆಗೆ ಅಂಟಿಕೊಂಡಿತ್ತು. ಯತಿನ್ ತುಟಿ ಕಚ್ಚಿ ನಗು ತಡೆದ. ನಾನು ಗಾಜಿನ ಆಚೆ ನೋಡಿದೆ.

“ಅಂಟಿಸಿದ ಕಾಗದ ಬಿಡಿಸಿದರೆ ಬರೆದ ಮಾತು ಹರಿಯುತ್ತದೆ,” ಎಂದಳು ದಮಯಂತಿ. “ಇನ್ನು ರಮಾಕಾಂತರೇ, ನಿಮ್ಮದನ್ನು ಇಡಿ.”

ಅವನು ಇಟ್ಟ. ದಾನೇಶ್ವರಿ ಕುರ್ಚಿಯಿಂದ ಸ್ವಲ್ಪ ಮುಂದೆ ಬಾಗಿದ್ದು ನನ್ನ ಕಣ್ಣಿಗೆ ಬಿತ್ತು. ಆಮೇಲೆ ಅವಳು ಹಾಗೇ ಉಳಿದಳು, ರೆಪ್ಪೆ ಕೂಡ ಅಲುಗಲಿಲ್ಲ.

ದಮಯಂತಿ ತೂತಿನ ಬಳಿ ಪೆನ್ಸಿಲ್ ಇಟ್ಟಳು. ಇಲ್ಲಿ ಅರಗು ಇತ್ತು, ಯಾರೋ ಬಿಡಿಸಿದಾಗ ಕಾಗದ ಹರಿಯಿತು, ಸರಿ. ಹಾಗಾದರೆ ಇಲ್ಲಿ ಒಂದಾದರೂ ಶಬ್ದ ಹೋಗಿರಬೇಕಲ್ಲ? ಓದಿ ನೋಡಿ, ಒಂದಕ್ಷರವೂ ಹೋಗಿಲ್ಲ. ಸಾಲುಗಳು ತೂತಿನ ತನಕ ಬಂದು ನಿಂತು, ಕೆಳಗಿನ ಸಾಲಿಗೆ ಇಳಿದಿವೆ. ಬರೆಯುವಾಗಲೇ ತೂತು ಇತ್ತು.

“ಅರಗಿಗೆ ಅಂತ ಮೊದಲೇ ಜಾಗ ಬಿಟ್ಟು ಬರೆಯುತ್ತಿದ್ದರು ಮೇಡಂ,” ಎಂದ ರಮಾಕಾಂತ. ಉತ್ತರ ಜೇಬಿನಲ್ಲೇ ಇಟ್ಟುಕೊಂಡು ಬಂದವನ ಧಾಟಿ.

“ಜಾಗ ಬಿಡ್ತಿದ್ದರು, ಒಪ್ಪಿದೆ. ಆದರೆ ಈ ಬಾಲ?” ಪೆನ್ಸಿಲ್ ಸೀಳಿನ ಗುಂಟ ಸರಿಯಿತು. “ತೂತಿನಿಂದ ಸೀಳು ಓರೆಯಾಗಿ ಹೋಗಿದೆ. ಅಕ್ಷರಗಳೂ ಅದರ ಎರಡು ಬದಿಗೆ ಓರೆಯಾಗಿ ಸರಿದು ಕೂತಿವೆ. ಓದುವವನ ಕೈಯಲ್ಲಿ ಕಾಗದ ಯಾವ ಕಡೆ ಹರಿಯುತ್ತದೆ ಅಂತ ಬರೆಯುವವನಿಗೆ ಪ್ಯಾರಿಸ್ಸಿನಲ್ಲೇ ಗೊತ್ತಿತ್ತಾ?”

ನನಗೆ ಎದ್ದು ನಿಂತು ಇವಳು ನನ್ನ ಹೆಂಡತಿ ಎಂದು ಇಡೀ ಮಹಾಪೆಗೆ ಕೂಗಿ ಹೇಳಬೇಕೆನಿಸಿತು. ಜೆಫರ್ಸನ್ ನಮ್ಮನ್ನು ಹೊಗಳಲಿಲ್ಲವಲ್ಲ ಎಂಬ ಬೇಸರ ಕೂಡ ಆ ಗಳಿಗೆಯಲ್ಲಿ ಮರೆತುಹೋಯಿತು.

ಪುಟವನ್ನು ಕಂಪ್ಯೂಟರಿಗೆ ಸೇರಿಸಿದವರು ಯಾರು ಎಂದು ಅವಳು ಯತಿನ್ ಕಡೆ ತಿರುಗಿದಳು. ಟೈಪು ಮಾಡುವ ಹುಡುಗಿಯರಿಗೆ ಚಿತ್ರ ಹಾಕುವ ಅಧಿಕಾರವೇ ಇಲ್ಲ, ಆ ಪಾಸ್‌ವರ್ಡ್ ನಿನ್ನೊಬ್ಬನದು ಎಂದಳು. ಅವನು ತೊದಲಿದ. ಡಿಸ್ಕು ಅಮೆರಿಕದಿಂದ ಬರುತ್ತದೆ, ತಾನು ಹಾಗೇ ಹಾಕುತ್ತೇನೆ, ಒಳಗೆ ಏನಿದೆ ಎಂದು ತೆರೆದು ನೋಡುವುದಿಲ್ಲ. “ಉಪರ್ ಸೆ ಆತಾ ಹೈ ಆಂಟಿ, ಕಸಂ ಸೆ,” ಎಂದು ಆಣೆ ಹಾಕಿದ. ಟೈಪು ಮಾಡಿದವಳು ಮಾತ್ರ ದಾನೇಶ್ವರಿ ಎಂದು ಕಂಪ್ಯೂಟರ್ ಹೇಳುತ್ತದೆ, ಬೇರೆಯವರು ಅವಳ ಹೆಸರಿನಲ್ಲಿ ಕೂತಿದ್ದರೆ ತನಗೆ ಗೊತ್ತಿಲ್ಲ ಎಂದ. ಆ ಕೊನೆಯ ಮಾತು ಬಾಯಿಂದ ಬಿದ್ದ ಮೇಲೆ ಅವನೇ ಅದನ್ನು ಕೇಳಿಸಿಕೊಂಡ ಹಾಗಿತ್ತು.

ಗೆದ್ದೆವು ಎಂದುಕೊಂಡೆ. ರಮಾಕಾಂತನೂ ಅದನ್ನೇ ಅಂದುಕೊಂಡಿರಬೇಕು. ಅವನು ತಕ್ಷಣ ದೋಣಿ ಬದಲಿಸಿದ.

“ಹಾಗಾದರೆ ನನಗೂ ಮೋಸವಾಗಿದೆ,” ಎಂದು ಕಾಗದವನ್ನು ಬೆರಳ ತುದಿಯಿಂದ ಆಚೆ ದೂಡಿದ. “ಈಗ ನೋಡಿದರೆ ಗೊತ್ತಾಗುತ್ತದೆ ಬಿಡಿ. ಕೈ ಪಳಗಿಲ್ಲ. ಯಾರೋ ಕೂಲಿಗೆ ಗೀಚಿದ್ದು.”

“ಗೀಚಿದ್ದಲ್ರಿ ಅದು.”

ದಾನೇಶ್ವರಿ ಎದ್ದು ನಿಂತಿದ್ದಳು.

“ಆ ಜೆ ಅಕ್ಷರದ ಕೊಕ್ಕಿ ನೋಡ್ರಿ. ಸಾಲಿನ ಮೊದಲಿನ ಅಕ್ಷರ ಸುದ್ದಾ ಅವ್ರು ಹ್ಯಾಂಗ ಸಣ್ಣದ ಬರೀತಿದ್ರು, ಹಾಂಗ ಅದ. ಪೆನ್ನು ಎತ್ತಿದಲ್ಲಿ ಶಾಯಿ ಹ್ಯಾಂಗ ತೆಳ್ಳಗಾಗ್ತದ, ಅದೂ ಅದ. ಅಮೆರಿಕಾದಾಗೂ ಇದನ್ನ ಹಿಂಗ ಬರ್ಯಾವ್ರು ಇಲ್ರಿ.” ಅವಳು ಉಸಿರು ತೆಗೆದುಕೊಂಡಳು. “ಇದನ್ನ ಬರದಾಕಿ ನಾನು.”

ದಮಯಂತಿಯ ಪೆನ್ಸಿಲ್ ಮೇಜಿನ ಮೇಲೆ ಉರುಳಿ ಕೆಳಗೆ ಬಿತ್ತು, ಅವಳು ಹೆಕ್ಕಲಿಲ್ಲ.

ಯತಿನ್ ಮುಖದಲ್ಲಿ ರಕ್ತ ಮರಳಿತು. ಅವನು ಮೊದಲ ಸಲ ಕನ್ನಡದಲ್ಲಿ ಮಾತಾಡಿದ. “ಆಂಟಿ, ಅವಳೇ ಹೇಳಿದಳು. ನಾವೆಲ್ಲ ಕೇಳಿದ್ವಿ. ಇನ್ನು ಸೋಮವಾರದ ತನಕ ಯಾಕೆ?” ಅವನ ಕೈ ಆಗಲೇ ಮೊಬೈಲಿಗೆ ಹೋಗಿತ್ತು.

ಮೊನ್ನೆ ಅಂಬರನಾಥದಲ್ಲೇ ಕಾಗದದಲ್ಲಿ ಮೈಸೂರಿನ ಸುದ್ದಿ ಇದೆ ಎಂದು ಒಂದು ಮಾತು ಹೇಳಿದ್ದರೆ ಈ ಹುಡುಗಿ ಅಲ್ಲೇ, ತಾಯಿಯ ಮುಂದೆ, ನಮಗೆ ಹೇಳಿರುತ್ತಿದ್ದಳು. ಮೊದಲು ಕೇಳುವುದು, ಆಮೇಲೆ ಹೇಳುವುದು! ದಮಯಂತಿಗೂ ಅದೇ ಹೊಳೆದಿತ್ತು ಎಂದು ಅವಳ ಮುಖ ನೋಡಿ ತಿಳಿಯಿತು. ಆದರೆ ಸೋತಲ್ಲಿ ಕೂತು ಅಳುವ ಜಾತಿ ಅವಳದಲ್ಲ.

“ಫೋನು ಇಡು ಯತಿನ್. ದಾನೇಶ್ವರಿ, ತೂತು ಮೊದಲೇ ಇತ್ತಲ್ಲ?”

“ಇತ್ರಿ. ನಮಗ ಶಬ್ದ ನುಂಗೂದು ಕಲ್ಸಿಲ್ರಿ. ಒಂದ ಅಕ್ಷರ ಹೋಗಬಾರ್ದು ಅಂತ ಸುತ್ತ ಬಳಸಿ ಬರ್ದೆ. ಎರಡ್ ಹಾಳಿ ಬರ್ದೆ, ಯಾಡೂ ಅಷ್ಟ.”

ಲೈಬ್ರರಿಯ ಮಕ್ಕಳ ಪ್ರದರ್ಶನಕ್ಕೆ ಎಂದು ಹೇಳಿ ಬರೆಸಿದರಂತೆ. ಯಾವ ಮಾತು ಬರೆಯಬೇಕು ಎಂದೂ ಅವರೇ ಟೈಪು ಮಾಡಿ ಕೊಟ್ಟರಂತೆ. ನೀನು ಕರ್ನಾಟಕದವಳು, ನಿನ್ನ ಸಲುವಾಗಿ ನಿಮ್ಮ ನಾಡಿನ ಹೆಸರನ್ನೂ ಸೇರಿಸಿದ್ದೇನೆ ಎಂದರಂತೆ. ಬರೆಯುವಾಗ ಅವಳಿಗೆ ಎದೆ ತುಂಬಿ ಬಂದಿತ್ತು. ಊರು ಬಿಟ್ಟು ಸಿಮೆಂಟು ಹೊತ್ತವಳ ಮಗಳು ಜೆಫರ್ಸನ್ನನ ಕೈಯಿಂದ ಕನ್ನಡ ನಾಡನ್ನು ಹೊಗಳಿಸುತ್ತಿದ್ದೇನೆ ಎಂದುಕೊಂಡಿದ್ದಳು. ಸರ್ಟಿಫಿಕೇಟ್ ಸಿಕ್ಕಿದ್ದು ಅದಕ್ಕೇ.

ಗೋಡೆಯ ಫೋಟೋ ನನ್ನ ಕಣ್ಣ ಮುಂದೆ ಬಂತು. ಶರಣಬಸಮ್ಮ ಸೆರಗಿನಿಂದ ಒರೆಸಿದ ಗಾಜು.

“ಕಾಗದ ಎಲ್ಲಿಂದ ಬಂತು?” ದಮಯಂತಿಯ ದನಿ ಬಹಳ ಮೆತ್ತಗಿತ್ತು. “ಇದು ಇಲ್ಲಿ ಅಂಗಡಿಯಲ್ಲಿ ಸಿಗುವ ಕಾಗದ ಅಲ್ಲ. ಅರಗು ಅಂಟಿ ಹರಿದದ್ದು ನಿಜ. ಅಂದರೆ ಯಾವುದೋ ಅಸಲಿ ಪತ್ರದ ಹಿಂದಿನ ಖಾಲಿ ಹಾಳೆ ಇದು. ಅಸಲಿ ಪತ್ರಗಳ ಪೆಟ್ಟಿಗೆ ಯಾರ ಕೈಯಲ್ಲಿದೆ?”

“ಹಾಳಿ, ನಿಬ್ಬು, ಶಾಯಿ, ಎಲ್ಲ ಅವ್ರ ಸೂಟ್‌ಕೇಸಿನ್ಯಾಗ ತಂದಿದ್ರು. ಬರ್ದ ಯಾಡೂ ಹಾಳಿ ಅವ್ರ ಒಯ್ದ್ರು.” ದಾನೇಶ್ವರಿ ರಮಾಕಾಂತನ ಎದುರಿದ್ದ ಕಾಗದಕ್ಕೆ ಬೆರಳು ತೋರಿಸಿದಳು. “ವಿಟ್ಲಾಕ್ ಸಾಹೇಬ್ರು. ಅವ್ರು ಒಯ್ದದ್ದು ಇವ್ರ ಹತ್ರ ಹ್ಯಾಂಗ ಬಂತು, ಕೇಳ್ರಿ.”

ಒಂದು ಹಾಳೆಯ ಚಿತ್ರ ಡಿಸ್ಕಿಗೆ ಹೋಗಿತ್ತು, ಇನ್ನೊಂದು ಹಾಳೆ ಅಂಗಡಿಗೆ, ಸಿಕ್ಕಿಬೀಳುವ ಹೊತ್ತಿಗೆ ತಪ್ಪು ಈ ಹುಡುಗಿಯ ತಲೆಗೆ. ರಮಾಕಾಂತ ಕಾಗದವನ್ನು ಚೀಲಕ್ಕೆ ಹಾಕಲು ಹೋದ. ನಾನು ಅವನ ಕೈ ಮೇಲೆ ನನ್ನ ಕೈ ಇಟ್ಟೆ. ಹೋಟೆಲಿನ ಹಿಟ್ಟು ರುಬ್ಬಿದ ಕೈ, ಅವನು ಅಲುಗಾಡಲಿಲ್ಲ.

ಮೇಜಿನ ಮೇಲಿನ ಇಂಟರ್‌ಕಾಮ್ ಸದ್ದು ಮಾಡಿತು. ಯತಿನ್ ಗುಂಡಿ ಒತ್ತಿದ. ರಿಸೆಪ್ಷನ್ನಿನ ಹುಡುಗಿ ಮರಾಠಿಯಲ್ಲಿ ಹೇಳಿದ್ದು ನಮಗೆಲ್ಲ ಕೇಳಿಸಿತು. ವಿಟ್ಲಾಕ್ ಸಾಹೇಬರು ಬಂದಿದ್ದಾರೆ, ಸೋಮವಾರ ಬರಬೇಕಾದವರು ಇವತ್ತೇ ಬಂದಿದ್ದಾರೆ. ದಾನೇಶ್ವರಿ ಒಳಗಿದ್ದಾಳೆ ಎಂದು ಅವರಿಗೆ ಹೇಗೋ ಗೊತ್ತಾಗಿದೆ. ಪೊಲೀಸರನ್ನು ಈಗಲೇ ಕರೆಯಬೇಡಿ, ಮೊದಲು ಆ ಹುಡುಗಿಯ ಜೊತೆ ತಾನೊಬ್ಬನೇ ಮಾತಾಡಬೇಕು ಎನ್ನುತ್ತಿದ್ದಾರೆ.

ಇಲ್ಲ, ಒಬ್ಬಳನ್ನೇ ಬಿಡುವುದಿಲ್ಲ ಎಂದು ನಾನು ಹೇಳುವಷ್ಟರಲ್ಲಿ ದಾನೇಶ್ವರಿ ಚೂಡಿದಾರದ ದುಪಟ್ಟಾ ಸರಿಮಾಡಿಕೊಂಡಿದ್ದಳು. ಅವಳು ದಮಯಂತಿಯ ಕಡೆ ನೋಡಿದಳು, ಯತಿನ್ ಕಡೆ ನೋಡಲಿಲ್ಲ.

“ಒಂದ ಖಾಲಿ ಹಾಳಿ ಕೊಡ್ರಿ ಅಕ್ಕಾರ. ನಿಬ್ಬಿನ ಪೆನ್ನಿದ್ರ ಅದೂ ಕೊಡ್ರಿ. ನಾ ಮಾತಾಡಂಗಿಲ್ಲ. ಆ ಕಾಗದಾ ಬರ್ದ ಕೈ ಯಾವ್ದು ಅಂತ ಅವ್ರ ಕಣ್ಣ ಮುಂದ ಬರ್ದು ತೋರಸ್ತೀನಿ, ಈ ಸಲ ಅವ್ರ ಸಹಿ.”

ದಮಯಂತಿ ಹಾಳೆ ಕೊಡಲು ಚೀಲಕ್ಕೆ ಕೈ ಹಾಕಿದಳು. ಅಷ್ಟರಲ್ಲಿ ಗಾಜಿನ ಬಾಗಿಲಿನ ಆಚೆ, ಅಂಬರನಾಥದ ಗೋಡೆಯ ಮೇಲೆ ಕಂಡಿದ್ದ ಆ ಎತ್ತರದ ಮನುಷ್ಯ ಬಂದು ನಿಂತಿದ್ದ. ಅವನು ಮೇಜಿನ ಮೇಲಿದ್ದ ಕಾಗದವನ್ನು ನೋಡಿದ. ಆಮೇಲೆ ರಮಾಕಾಂತನನ್ನು ನೋಡಿ, ಹಳೆಯ ಪರಿಚಯದವರಿಗೆ ಮಾಡುವ ಹಾಗೆ, ತಲೆಯಾಡಿಸಿದ.